ಒಂದು ಅಂಕಿ ಸಾಲದು

ಲಾಸ್ ಏಂಜಲೀಸ್‌ನ ದೊಡ್ಡ ಆಫೀಸು ಕಟ್ಟಡವೊಂದರ ಕರೆಂಟಿನ ಕೋಣೆಗೆ ರಾತ್ರಿ ಹೋಗಿ ನಿಂತುಕೊಳ್ಳಿ. ಮೇಲೆ ಯಾರೂ ಇಲ್ಲ, ದೀಪಗಳೂ ಆರಿವೆ. ಆದರೂ ಬೂದು ಬಣ್ಣದ ಪೆಟ್ಟಿಗೆಯೊಂದು ಗುಂಯ್ ಅಂತಲೇ ಇರುತ್ತೆ. ಅದೇ ಟ್ರಾನ್ಸ್‌ಫಾರ್ಮರ್. "ಇದರ ದಕ್ಷತೆ 98.6%, ಇನ್ನೇನು ಬೇಕು?" ಅಂತಾರೆ. ಎಷ್ಟು ಲೋಡ್ ಇದ್ದಾಗ 98.6? ನನ್ನ ಜಗಳ ಇರೋದೇ ಅಲ್ಲಿ.

2016ರಿಂದ ಜಾರಿಯಲ್ಲಿರುವ ಅಮೆರಿಕದ ನಿಯಮದಂತೆ 75 ಕೆವಿಎ ಮೂರು ಫೇಸಿನ ಡ್ರೈ ಟ್ರಾನ್ಸ್‌ಫಾರ್ಮರ್‌ಗೆ ಇದು ಕನಿಷ್ಠ ಮಿತಿ. ಆದರೆ ಲೆಕ್ಕ ಹಾಕೋದು 35% ಲೋಡ್ ಇದ್ದಾಗ ಮಾತ್ರ. ಕಂಬದ ಮೇಲಿನ ಎಣ್ಣೆ ಟ್ರಾನ್ಸ್‌ಫಾರ್ಮರ್‌ಗೆ 50%.

ನಷ್ಟದಲ್ಲಿ ಎರಡು ಬಗೆ. ಒಂದು ಕಬ್ಬಿಣದ ತಿರುಳಿನದು: ಲೋಡ್ ಇರಲಿ ಬಿಡಲಿ, 24 ಗಂಟೆಯೂ ಅಷ್ಟೇ. ಇನ್ನೊಂದು ಸುರುಳಿಯದು: ಲೋಡ್ ಎರಡರಷ್ಟಾದರೆ ಇದು ನಾಲ್ಕರಷ್ಟು. ಒಳಗೆ ಹೋದದ್ದರಲ್ಲಿ ಹೊರಬಂದದ್ದನ್ನು ಕಳೆದು ಅಳೆಯಬಹುದಲ್ಲ ಅಂತೀರಾ? ನಷ್ಟವೇ 1.4% ಇರುವಾಗ ಎರಡು ಮೀಟರುಗಳ ಅರ್ಧರ್ಧ ಶೇಕಡಾ ದೋಷ ಅದರ ಬಹುಪಾಲನ್ನು ನುಂಗಿಬಿಡುತ್ತೆ. ಅದಕ್ಕೇ ಲ್ಯಾಬಿನಲ್ಲಿ ಎರಡು ಪರೀಕ್ಷೆ: ಒಂದು ಬದಿ ತೆರೆದಿಟ್ಟು ತಿರುಳಿನ ನಷ್ಟ, ಒಂದು ಬದಿ ಶಾರ್ಟ್ ಮಾಡಿ ಸುರುಳಿಯ ನಷ್ಟ.

ಅಂದರೆ ಎರಡೂ ಅಂಕಿ ತಯಾರಕರ ಕೈಯಲ್ಲಿವೆ. ಮಿತಿ ಮಾತ್ರ ಎರಡನ್ನೂ ಕಲಸಿದ ಒಂದೇ ಅಂಕಿಗೆ!

ತಿರುಳಿನ ನಷ್ಟ 180 ವ್ಯಾಟ್ ಅಂತ ಇಟ್ಟುಕೊಳ್ಳಿ. ರಾತ್ರಿ ಲೋಡ್ 3 ಕಿಲೋವ್ಯಾಟ್‌ಗೆ ಇಳಿದರೆ ದಕ್ಷತೆ ಸುಮಾರು 94%. ವರ್ಷಕ್ಕೆ 8,760 ಗಂಟೆ. ತಿರುಳು ಒಂದೇ ತಿನ್ನೋದು ಸುಮಾರು 1,577 ಯೂನಿಟ್. ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು.

ಸ್ಯಾನ್ ಡಿಯಾಗೋದಲ್ಲಿ ಮಧ್ಯಾಹ್ನ ಚಾವಣಿಯ ಸೋಲಾರ್ ಕರೆಂಟು ಹಿಂದಕ್ಕೆ ಹರಿಯುತ್ತೆ, ರಾತ್ರಿ ಕಾರುಗಳು ಚಾರ್ಜಿಗೆ ಕೂರುತ್ತವೆ. ಇಂಥ ಏರಿಳಿತಕ್ಕೆ ಒಂದೇ ಬಿಂದುವಿನ ಅಳತೆ ಯಾವ ನ್ಯಾಯ? ಡೇಟಾ ಕೆಲಸದಲ್ಲಿ ಒಂದೇ ಬಿಂದು ಇಟ್ಟುಕೊಂಡು ಗೆರೆ ಎಳೆದರೆ ನನ್ನನ್ನು ಮನೆಗೆ ಕಳಿಸುತ್ತಾರೆ.

ನಮ್ಮೂರನ್ನು ನೋಡಿ. ಭಾರತದ ಐಎಸ್ 1180 ಮಾನದಂಡ 50% ಮತ್ತು 100%, ಎರಡೂ ಲೋಡ್‌ಗಳಲ್ಲಿ ನಷ್ಟದ ಮಿತಿ ಹಾಕುತ್ತೆ. ಎರಡು ಸಮೀಕರಣ ಸಿಕ್ಕರೆ ತಿರುಳು, ಸುರುಳಿ ಎರಡನ್ನೂ ಬಿಡಿಸಬಹುದು, ಹೈಸ್ಕೂಲ್ ಗಣಿತ.

ಮೀಟರಿನ ಆಚೆ ಕಂಬದಲ್ಲಾದ ನಷ್ಟ ಎಲ್ಲರ ದರದಲ್ಲಿ ಬೆರೆಯುತ್ತೆ. ಮೀಟರಿನ ಈಚೆ, ಕಟ್ಟಡದೊಳಗೆ ಆದದ್ದು ನೇರ ನಿಮ್ಮ ಕಟ್ಟಡದ ಬಿಲ್ಲಿಗೆ. ಎರಡೂ ಕಡೆ ಹಣ ನಿಮ್ಮದೇ. ಹಾಗಾಗಿ ನಿಮ್ಮ ಕಟ್ಟಡಕ್ಕೆ ಹೊಸ ಟ್ರಾನ್ಸ್‌ಫಾರ್ಮರ್ ತರಿಸುವಾಗ ಶೇಕಡಾ ಕೇಳಬೇಡಿ. ಎರಡು ವ್ಯಾಟ್ ಕೇಳಿ: ಖಾಲಿ ಇದ್ದಾಗ ಎಷ್ಟು, ತುಂಬಿದಾಗ ಎಷ್ಟು?