ಲೆಕ್ಕದ ಹಾಳೆಯೊಳಗಿನ ಕಳ್ಳ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಿರಿಯರು ಹೇಳಿದ್ದಾರೆ. ಗಣಕಯಂತ್ರದಲ್ಲಿ ತೆರೆದುಕೊಳ್ಳುವ ಸ್ಪ್ರೆಡ್‌ಶೀಟ್ ಎಲ್ಲವೂ ಬರಿಯ ಲೆಕ್ಕವಲ್ಲವೆಂಬ ಮಾತನ್ನು ಈಗ ಅದಕ್ಕೆ ಸೇರಿಸಬೇಕಾಗಿದೆ.

ಕಾಗದದ ಹಾಳೆಯು ಬರೆದುದನ್ನು ತೋರಿಸುತ್ತದೆ, ಅಷ್ಟೆ. ಗಣಕದ ಹಾಳೆ ಕೆಲಸವನ್ನೂ ಮಾಡಬಲ್ಲುದು. ಪದೇ ಪದೇ ಮಾಡಬೇಕಾದುದನ್ನು ಒಮ್ಮೆಗೇ ಮಾಡಿಸಲೆಂದು ಅದರೊಳಗೆ ‘ಮ್ಯಾಕ್ರೋ’ ಎಂಬ ಆಜ್ಞೆಗಳನ್ನು ಬರೆದಿಡಬಹುದು. ಉಪಕಾರಕ್ಕೆಂದೇ ಹುಟ್ಟಿದ ಸೌಕರ್ಯವಿದು. ಆದರೆ ‘ಕೂಡಿಸು, ಕಳೆ’ ಎಂದು ಆಜ್ಞೆ ಬರೆಯಬಲ್ಲವನು ‘ಅಳಿಸು, ಕದ್ದು ಕಳುಹಿಸು’ ಎಂದೂ ಬರೆಯಬಲ್ಲನು. 1996ರಲ್ಲಿಯೇ ‘ಲಾರೂ’ ಎಂಬ ವೈರಸ್ ಎಕ್ಸೆಲ್ ಹಾಳೆಗಳ ಮೂಲಕ ಹರಡಿತು. ಇಂಟರ್‌ನೆಟ್‌ನಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯು ತಾನಾಗಿಯೇ ತಡೆಯತೊಡಗಿದುದು 2022ರಲ್ಲಿ. ಅಲ್ಲಿಯವರೆಗೆ, ಎಚ್ಚರಿಕೆಯ ಒಂದು ಸಾಲನ್ನು ತೋರಿಸಿ, ಒಪ್ಪುವ ಬಿಡುವ ಹೊಣೆಯನ್ನು ಬಹುಮಟ್ಟಿಗೆ ಬಳಸುವವರಿಗೇ ಬಿಡಲಾಗಿತ್ತು.

ಮ್ಯಾಕ್ರೋ ಇಲ್ಲದೆಯೂ ಕೇಡು ಬರಬಹುದು. 2011ರಲ್ಲಿ ಅಮೆರಿಕದ ಆರ್‌ಎಸ್‌ಎ ಎಂಬ ಭದ್ರತಾ ಸಂಸ್ಥೆಯ ಕೆಲವು ನೌಕರರಿಗೆ ನೇಮಕಾತಿ ಯೋಜನೆಯೆಂಬ ಹೆಸರಿನ ಎಕ್ಸೆಲ್ ಕಡತವೊಂದು ಮಿಂಚಂಚೆಯಲ್ಲಿ ಬಂತು. ಯಂತ್ರವು ಅದನ್ನು ಕಸದ ಅಂಚೆಗಳ ಜೊತೆ ಸೇರಿಸಿತ್ತು. ನೌಕರರೊಬ್ಬರು ಅಲ್ಲಿಂದ ಹೆಕ್ಕಿ ತೆರೆದರು. ಹಾಳೆಯೊಳಗೆ ಹುದುಗಿಸಿದ್ದ ಫ್ಲ್ಯಾಶ್ ತಂತ್ರಾಂಶದ ದೋಷವೊಂದು ಕಳ್ಳರಿಗೆ ಹಿತ್ತಿಲ ಬಾಗಿಲಾಯಿತು. ಬೀಗ ಮಾರುವವರ ಮನೆಗೇ ಕನ್ನ ಬಿತ್ತು!

ನಮ್ಮ ಕೇರಳದ ಶಾಲೆಗಳಲ್ಲಿ ಕಲಿಸುವುದು ಲಿಬ್ರೆ ಆಫೀಸ್ ಕ್ಯಾಲ್ಕ್, ನಮಗೇನು ಭಯ ಎನ್ನಬಹುದು. ಸೂತ್ರಗಳನ್ನು ಓದುವ ಕ್ರಮದಲ್ಲಿದ್ದ ಇಂತಹದೇ ಅಪಾಯಕರ ದೋಷ ಅದರಲ್ಲಿಯೂ ಇದ್ದುದು 2023ರಲ್ಲಿ ಪ್ರಕಟವಾಯಿತು. ತಿದ್ದಿದ ಆವೃತ್ತಿಯೂ ಬಂತು. ಆದರೆ ಹಳೆಯದನ್ನೇ ಇಟ್ಟುಕೊಂಡವರಿಗೆ ತಿದ್ದುಪಡಿಯಿಂದ ಏನು ಪ್ರಯೋಜನ?

ಇಂದು ಅನೇಕ ಮನೆಗಳಲ್ಲಿ ಮಕ್ಕಳೇ ಗುಮಾಸ್ತರು. ವಿದ್ಯಾರ್ಥಿವೇತನದ ಯಾದಿಯಿರಲಿ, ಸಂಘದ ಜಮಾಖರ್ಚಿರಲಿ, ಹೆತ್ತವರಿಗೆ ತೆರೆದು ತೋರಿಸುವವರು ಅವರೇ. ಅದೇ ಯಂತ್ರದಲ್ಲಿ ಮನೆಯ ಬ್ಯಾಂಕಿನ ವ್ಯವಹಾರವೂ ಇರುತ್ತದೆ. ಎಚ್ಚರಿಕೆ ಬರುವುದಾದರೋ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅರ್ಥವಾಗದ ಸಾಲು ತೊಲಗಲೆಂದು ಮಕ್ಕಳು ಕಂಡ ಗುಂಡಿಯನ್ನು ಒತ್ತಿಬಿಡುತ್ತಾರೆ. ಇದನ್ನು ಮಕ್ಕಳ ತಪ್ಪೆನ್ನುವುದು ನ್ಯಾಯವಲ್ಲ. ಸರಾಸರಿ ತೆಗೆಯುವ ಸೂತ್ರವನ್ನು ಕಲಿಸುವ ನಾವು ಆ ಒಂದು ಸಾಲಿನ ಅರ್ಥವನ್ನೂ ಕನ್ನಡದಲ್ಲಿ ಕಲಿಸಬೇಕು. ಪಾಠ ಪೂರ್ಣವಾಗುವುದು ಆಗಲೇ.

ಕಳುಹಿಸಿದವರು ಯಾರೆಂದು ತಿಳಿಯದೆ ಕಡತವನ್ನು ತೆರೆಯಬಾರದು. ಪರಿಚಿತರ ಹೆಸರಿನಲ್ಲಿ ಬಂದರೂ, ನಿರೀಕ್ಷಿಸದ ಕಡತವಾದರೆ ಅವರನ್ನೇ ಕೇಳಬೇಕು. ‘ಮ್ಯಾಕ್ರೋಗೆ ಅನುಮತಿ ಕೊಡಿ’ ಎಂದು ಹಾಳೆಯೇ ಬೇಡಿದರೆ ಅದನ್ನು ಮುಚ್ಚಿ ಹಿರಿಯರಿಗೆ ತಿಳಿಸಬೇಕು. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹೆತ್ತವರೂ ‘ಬೇಗ ತೆರೆ’ ಎಂದು ಅವಸರಪಡಿಸದೆ, ‘ಏನು ಬರೆದಿದೆ, ಓದಿ ಹೇಳು’ ಎನ್ನುವ ಅಭ್ಯಾಸ ಮಾಡಿಕೊಳ್ಳಲಿ. ಓದು ಬಲ್ಲವರ ಮನೆಗೆ ಕಳ್ಳನು ಸುಲಭವಾಗಿ ನುಗ್ಗಲಾರನು.