ಪಾಠಕ್ಕೆ ಯೋಜನೆ ಇದೆ, ಮೈದಾನಕ್ಕೆ?

ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಯ ಚೀಲದಲ್ಲಿ ಪಾಠ ಯೋಜನೆ ಇರುತ್ತದೆ, ಕಲಿಕೋಪಕರಣ ಇರುತ್ತದೆ, ಅವಲೋಕನ ಪುಸ್ತಕವೂ ಇರುತ್ತದೆ. ಅಳತೆ ಟೇಪು ಮಾತ್ರ ಇರುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ ಭಾಗದ ಶಾಲೆಗಳಿಗೆ ಹೋಗುವವರು ಅದನ್ನೂ ಒಯ್ಯಬೇಕು. ಶಾಲೆಯ ಮೈದಾನವನ್ನು ಅಳೆದು, ನಕ್ಷೆ ಬರೆದು, ಬಳಕೆಯ ಯೋಜನೆ ಸಿದ್ಧಪಡಿಸುವುದು ಬೋಧನಾಭ್ಯಾಸದ ಕಡ್ಡಾಯ ಭಾಗವಾಗಬೇಕು ಎಂಬುದು ನನ್ನ ಅಭಿಪ್ರಾಯ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ತರಗತಿ ಕೋಣೆ, ಶೌಚಾಲಯ, ಕುಡಿಯುವ ನೀರಿನ ಜೊತೆಗೇ ಆಟದ ಮೈದಾನವನ್ನೂ ಶಾಲೆಗೆ ಅಗತ್ಯವೆಂದು ಹೇಳಿದೆ. ಎಷ್ಟು ಗುಂಟೆ ಇರಬೇಕು ಎಂದು ಮಾತ್ರ ಹೇಳಿಲ್ಲ. ಅಳತೆ ಇಲ್ಲದ ಜಾಗ ಬೇಗ ಕರಗುತ್ತದೆ. ಒಂದು ವರ್ಷ ಹೊಸ ಕೋಣೆ, ಇನ್ನೊಂದು ವರ್ಷ ಬಿಸಿಯೂಟದ ಅಡುಗೆ ಕೋಣೆ, ಆಮೇಲೆ ನೀರಿನ ಟ್ಯಾಂಕು, ಅಂಗನವಾಡಿ, ಧ್ವಜಕಟ್ಟೆ. ಇವೆಲ್ಲವೂ ಬೇಕಾದವೇ. ಆದರೆ ಒಂದೊಂದನ್ನೂ ಗುತ್ತಿಗೆದಾರನ ಟ್ರ್ಯಾಕ್ಟರ್ ಸುಲಭವಾಗಿ ಬರುವ ಕಡೆ ಕಟ್ಟಿದರೆ, ಕೊನೆಗೆ ಉಳಿಯುವುದು ನಾಲ್ಕು ಮೂಲೆಗಳಲ್ಲಿ ಚೂರು ಚೂರು ಬಯಲು. ಒಟ್ಟು ವಿಸ್ತೀರ್ಣ ಸಾಕಷ್ಟಿದ್ದರೂ ಒಂದು ಕಬಡ್ಡಿ ಅಂಕಣ ಎಲ್ಲಿಯೂ ಕೂರುವುದಿಲ್ಲ.

ಮೈದಾನವೆಂದರೆ 400 ಮೀಟರ್ ಟ್ರ್ಯಾಕ್ ಎಂಬ ಕಲ್ಪನೆಯೂ ನಮ್ಮನ್ನು ತಡೆಯುತ್ತಿದೆ. ಎಂಟು ಪಥಗಳ ಅಂಥ ಟ್ರ್ಯಾಕಿಗೆ ಸುಮಾರು ನಾಲ್ಕು ಎಕರೆ ಬೇಕು. ಆರು ಪಥಗಳ 200 ಮೀಟರ್ ಟ್ರ್ಯಾಕಿಗೂ ಸುಮಾರು ಒಂದೂಕಾಲು ಎಕರೆ ಬೇಕು. ಊರ ನಡುವಿನ ಪ್ರಾಥಮಿಕ ಶಾಲೆಗೆ ಇದು ಸಿಗದು. ಆದರೆ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಖೋ-ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಸುತ್ತ ಮೂರು ಮೀಟರ್ ಬಿಟ್ಟು ಲೆಕ್ಕ ಹಾಕಿದರೂ ಮೊದಲನೆಯದಕ್ಕೆ ಮೂರು ಗುಂಟೆ, ಎರಡನೆಯದಕ್ಕೆ ಏಳು ಗುಂಟೆಗಿಂತ ಸ್ವಲ್ಪ ಹೆಚ್ಚು. ಅಂದರೆ ಹನ್ನೊಂದು ಗುಂಟೆಯ ಅಖಂಡ ಜಾಗದಲ್ಲಿ ಎರಡೂ ಆಟ ನಡೆಯುತ್ತವೆ; ಚಿಕ್ಕ ಮಕ್ಕಳಿಗೆ ಅಂಕಣವನ್ನು ಇನ್ನೂ ಕಿರಿದಾಗಿಸಬಹುದು. ಆದ್ದರಿಂದ ಪ್ರತಿ ಶಾಲೆಗೂ ಟ್ರ್ಯಾಕ್ ಕೇಳುವ ಬದಲು, ಪ್ರತಿ ಶಾಲೆಯಲ್ಲಿ ಎರಡು ಸಣ್ಣ ಅಂಕಣ, ಪ್ರತಿ ಕ್ಲಸ್ಟರಿಗೆ ಒಂದು ಓಟದ ಮೈದಾನ ಎಂದು ಯೋಚಿಸುವುದು ವಾಸ್ತವಕ್ಕೆ ಹತ್ತಿರ. ವಲಯ ಮಟ್ಟದ ಕ್ರೀಡಾಕೂಟಕ್ಕೂ ಆ ಮೈದಾನ ಒದಗುತ್ತದೆ.

ನೆಲವನ್ನೂ ನೋಡಬೇಕು. ಕೃಷ್ಣಾ, ಭೀಮಾ ನದಿಗಳ ದಡದ ಎರೆಭೂಮಿ ಮಳೆಗೆ ಕೆಸರಾಗುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬಿರುಕಿನಲ್ಲಿ ಕಾಲು ಸಿಕ್ಕರೆ ಉಳುಕುವುದು ಖಚಿತ. ಅಲ್ಲಿ ಗರಸು ಹಾಕಿ ದಮ್ಮಸು ಮಾಡಿ, ನೀರು ಹರಿದು ಹೋಗುವಂತೆ ಸಣ್ಣ ಇಳಿಜಾರು ಕೊಡದೆ ಅಂಕಣ ಉಳಿಯದು. ಗುಡ್ಡದ ಸೆರಗಿನ ಊರುಗಳಲ್ಲಾದರೆ ಮೊದಲ ಕೆಲಸ ಕಲ್ಲು ಆರಿಸುವುದು. ಅಂಕಣದ ಉದ್ದ ಉತ್ತರ-ದಕ್ಷಿಣಕ್ಕಿದ್ದರೆ ಬೆಳಗಿನ, ಸಂಜೆಯ ಬಿಸಿಲು ಆಡುವವರ ಕಣ್ಣಿಗೆ ನೇರವಾಗಿ ಹೊಡೆಯುವುದಿಲ್ಲ. ಪಶ್ಚಿಮ ಅಂಚಿನಲ್ಲಿ ಬೇವು, ಹೊಂಗೆ ಬೆಳೆದರೆ ಮಧ್ಯಾಹ್ನದ ನಂತರ ನೆರಳು ಸಿಗುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಆಟದ ಅವಧಿಯನ್ನು ಸದಾ ಮಧ್ಯಾಹ್ನಕ್ಕೇ ಇಡುವ ವೇಳಾಪಟ್ಟಿಯನ್ನೂ ಮತ್ತೊಮ್ಮೆ ನೋಡಬೇಕು.

ಇದಕ್ಕೆ ಬರುವ ಆಕ್ಷೇಪಣೆ ಹಗುರವಾದುದಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಕೋಣೆ ಸಾಲದು, ಶಿಕ್ಷಕರು ಸಾಲದು. ಇಂಥಲ್ಲಿ ಮೈದಾನದ ಮಾತೇಕೆ ಎಂದು ಮುಖ್ಯೋಪಾಧ್ಯಾಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಎರಡು. ಮೊದಲನೆಯದು, ಯೋಜನೆಯು ಕೋಣೆಯ ವಿರುದ್ಧವಲ್ಲ. ಮುಂದಿನ ಕೋಣೆ ಎಲ್ಲಿ ಬರಬೇಕು ಎಂದು ಇಂದೇ ನಕ್ಷೆಯಲ್ಲಿ ಗುರುತಿಸಿದರೆ ಕೋಣೆಯೂ ಬರುತ್ತದೆ, ಅಂಕಣವೂ ಉಳಿಯುತ್ತದೆ. ಎರಡನೆಯದು, ಹೊಟ್ಟೆಪಾಡಿಗೆ ಮನೆಮಂದಿಯೆಲ್ಲ ಗುಳೆ ಹೋಗುವ ಈ ಭಾಗದಲ್ಲಿ ಮಗುವನ್ನು ಶಾಲೆಗೆ ಕಟ್ಟಿಹಾಕುವ ಎಳೆ ಯಾವುದಿದ್ದರೂ ಅದು ದೊಡ್ಡದು. ಓದಿನಲ್ಲಿ ಹಿಂದುಳಿದ ಮಗುವಿಗೆ ತಾನೂ ಒಂದರಲ್ಲಿ ಮುಂದೆ ಇದ್ದೇನೆ ಎನಿಸುವ ಜಾಗ ಎಷ್ಟೋ ಸಲ ಮೈದಾನ ಮಾತ್ರ. ಆಟದ ಅವಧಿಯನ್ನು ಗಣಿತದ ವಿಶೇಷ ತರಗತಿಗೆ ಕೊಟ್ಟಾಗ ಆ ಮಗು ಕಳೆದುಕೊಳ್ಳುವುದು ಏನೆಂದು ಅಂಕಪಟ್ಟಿ ತೋರಿಸುವುದಿಲ್ಲ.

ಜಾಗ ಕಿರಿದಾದಾಗ ಮೊದಲು ಹೊರಬೀಳುವವರು ಹೆಣ್ಣುಮಕ್ಕಳು. ದೊಡ್ಡ ಹುಡುಗರು ಕ್ರಿಕೆಟ್ ಹೂಡಿದರೆ ಇಡೀ ಬಯಲು ಅವರದೇ. ಹುಡುಗಿಯರು ವರಾಂಡದಲ್ಲಿ ನಿಂತು ನೋಡುತ್ತಾರೆ. ಅವರಿಗೆ ಪ್ರತ್ಯೇಕ ಅವಧಿ, ರಸ್ತೆಗೆ ನೇರವಾಗಿ ಕಾಣದ ಒಂದು ಅಂಕಣ, ಹತ್ತಿರದಲ್ಲೇ ಬಳಸುವಂಥ ಶೌಚಾಲಯ, ಇವು ಯೋಜನೆಯ ಮೊದಲ ಸಾಲಿನಲ್ಲಿ ಬರಬೇಕು, ಕೊನೆಯಲ್ಲಿ ಅಲ್ಲ.

ಪ್ರಶಿಕ್ಷಣಾರ್ಥಿಗಳು ಮಾಡಬಹುದಾದದ್ದು ಇಷ್ಟು. ಮೊದಲ ವಾರ ಇಬ್ಬರು ಸೇರಿ ಆವರಣವನ್ನು ಅಳೆದು, ಒಂದು ಸೆಂಟಿಮೀಟರಿಗೆ ಐದು ಮೀಟರಿನಂತೆ ನಕ್ಷೆ ಬರೆಯಲಿ. ಕಟ್ಟಡ, ಮರ, ಕೊಳವೆಬಾವಿ, ಮಳೆನೀರು ನಿಲ್ಲುವ ತಗ್ಗು ಎಲ್ಲವನ್ನೂ ಗುರುತಿಸಲಿ. ಏಳನೆಯ ತರಗತಿಯ ಮಕ್ಕಳನ್ನು ಜೊತೆಗೆ ಕರೆದುಕೊಂಡರೆ ಅದೇ ಗಣಿತದ ಕ್ಷೇತ್ರಫಲ ಪಾಠವೂ ಆಗುತ್ತದೆ. ಎರಡನೆಯ ವಾರ ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಜನ ಆಡಿದರು ಎಂದು ಹುಡುಗ-ಹುಡುಗಿಯರ ಲೆಕ್ಕ ಬೇರೆಬೇರೆಯಾಗಿ ಬರೆದಿಡಲಿ. ಮೂರನೆಯ ವಾರ ದೈಹಿಕ ಶಿಕ್ಷಣ ಶಿಕ್ಷಕರಿದ್ದರೆ ಅವರೊಂದಿಗೆ, ಇಲ್ಲದಿದ್ದರೆ ಮುಖ್ಯೋಪಾಧ್ಯಾಯರೊಂದಿಗೆ ಕುಳಿತು ಅಂಕಣಗಳ ಸ್ಥಳ ಮತ್ತು ವೇಳಾಪಟ್ಟಿ ನಿಗದಿಪಡಿಸಲಿ. ಜಾಗದ ಪಹಣಿ ಅಥವಾ ಖಾತೆ ಶಾಲೆಯ ಹೆಸರಿನಲ್ಲಿದೆಯೇ ಎಂದೂ ಕೇಳಲಿ. ಹಿರಿಯರು ಬಾಯಿಮಾತಿನಲ್ಲಿ ದಾನ ಕೊಟ್ಟ ಜಮೀನು ಮೊಮ್ಮಕ್ಕಳ ಕಾಲಕ್ಕೆ ತಕರಾರಿಗೆ ಬೀಳುವುದುಂಟು. ಶಾಲಾ ಮೈದಾನದ ಒತ್ತುವರಿಯನ್ನು ಸಕ್ರಮಗೊಳಿಸಲು ಸುಪ್ರೀಂ ಕೋರ್ಟ್ 2023ರಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಒಪ್ಪಲಿಲ್ಲ. ಆದರೆ ಅಲ್ಲಿಯವರೆಗೆ ಹೋಗುವ ಶಕ್ತಿ ಹಳ್ಳಿ ಶಾಲೆಗೆ ಎಲ್ಲಿದೆ?

ನಕ್ಷೆಯ ಒಂದು ಪ್ರತಿ ಎಸ್‌ಡಿಎಂಸಿಗೆ, ಒಂದು ಗ್ರಾಮ ಪಂಚಾಯಿತಿಗೆ, ಒಂದು ಕಾಲೇಜಿಗೆ ಹೋಗಲಿ. ಪ್ರತಿ ವರ್ಷ ಬರುವ ತಂಡ ಹಿಂದಿನ ನಕ್ಷೆಯನ್ನು ತಿದ್ದಿ ಮುಂದುವರಿಸಿದರೆ, ಕೆಲವೇ ವರ್ಷಗಳಲ್ಲಿ ಮೂರೂ ಕಡೆಯ ನಮ್ಮ ಅಭ್ಯಾಸ ಶಾಲೆಗಳ ಮೈದಾನಗಳ ದಾಖಲೆ ಕೈಯಲ್ಲಿರುತ್ತದೆ. ಅಧ್ಯಾಪಕ ಮಿತ್ರರಲ್ಲಿ ನನ್ನ ಕೋರಿಕೆ ಒಂದೇ: ಈ ಕೆಲಸಕ್ಕೆ ಒಂದು ಪಾಠ ಯೋಜನೆಗೆ ಕೊಡುವಷ್ಟೇ ಅಂಕ ಕೊಡಿ. ಅಂಕವಿಲ್ಲದ ಕೆಲಸ ಮೊದಲ ವಾರದಲ್ಲೇ ನಿಂತುಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ.