ನಾಲ್ಕು ದೇಶ, ಹನ್ನೆರಡು ದಿನ: ಒಂದು ಪ್ರೇಷಿತ ಪಯಣ ನಮ್ಮನ್ನು ಕೇಳುವ ಪ್ರಶ್ನೆ



2024ರ ಸೆಪ್ಟೆಂಬರ್ 2ರಂದು ಜಗದ್ಗುರು ಪೋಪ್ ಫ್ರಾನ್ಸಿಸರು ರೋಮ್‌ನಿಂದ ವಿಮಾನವೇರಿದಾಗ ಅವರಿಗೆ 87 ವರ್ಷ. ಮೊಣಕಾಲು ನೋವಿನಿಂದಾಗಿ ಗಾಲಿಕುರ್ಚಿಯೇ ಅವರ ಆಸರೆಯಾಗಿತ್ತು. ಮುಂದಿನ ಹನ್ನೆರಡು ದಿನಗಳಲ್ಲಿ ಅವರು ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಪೂರ್ವ ತಿಮೋರ್ ಮತ್ತು ಸಿಂಗಾಪುರ ದೇಶಗಳನ್ನು ಸಂದರ್ಶಿಸಿ ಸುಮಾರು 33 ಸಾವಿರ ಕಿಲೋಮೀಟರ್ ದೂರ ಕ್ರಮಿಸಿದರು. ಅದು ಅವರ 45ನೆಯ ವಿದೇಶ ಪ್ರವಾಸವಾಗಿತ್ತು. ಎಲ್ಲಕ್ಕಿಂತ ದೀರ್ಘವಾದದ್ದೂ ಅದೇ. 2020ರಲ್ಲೇ ನಡೆಯಬೇಕಿದ್ದ ಈ ಪಯಣ ಕೋವಿಡ್‌ನಿಂದಾಗಿ ನಾಲ್ಕು ವರ್ಷ ಮುಂದಕ್ಕೆ ಹೋಗಿತ್ತು. ಪ್ರವಾಸ ಮುಗಿಸಿ ಬಂದ ಏಳು ತಿಂಗಳಲ್ಲಿ, 2025ರ ಏಪ್ರಿಲ್ 21ರಂದು, ಅವರು ದೇವರ ಪಾದ ಸೇರಿದರು.

ಆ ದಿನಗಳಲ್ಲಿ ಪತ್ರಿಕೆಗಳು ಹೆಚ್ಚಾಗಿ ಅಂಕಿಗಳನ್ನೇ ಬರೆದವು. ಎಷ್ಟು ದೇಶ, ಎಷ್ಟು ದೂರ, ಎಷ್ಟು ಜನ ಎಂಬುದೇ ಸುದ್ದಿಯಾಯಿತು. ಆದರೆ ನಡೆಯಲಾಗದ ಒಬ್ಬ ವೃದ್ಧರು ಇಷ್ಟು ದೂರ ಏಕೆ ಹೋದರು? ದೂರದರ್ಶನದಲ್ಲಿ ಒಂದು ಸಂದೇಶ ನೀಡಿದ್ದರೆ ಸಾಲುತ್ತಿರಲಿಲ್ಲವೇ? ಈ ಪ್ರಶ್ನೆ ನಮ್ಮ ಧರ್ಮಕೇಂದ್ರಗಳಿಗೂ ಸಂಬಂಧಿಸಿದ್ದು. ಮಿಶನ್ ಕಾರ್ಯ ಎಂದರೆ ಏನು ಎಂಬುದಕ್ಕೆ ಈ ನಾಲ್ಕು ದೇಶಗಳು ನಾಲ್ಕು ಬಗೆಯ ಉತ್ತರ ನೀಡುತ್ತವೆ.

ಅಲ್ಪಸಂಖ್ಯಾತರ ಧರ್ಮಸಭೆ

ಇಂಡೋನೇಷ್ಯಾ ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲಿ ಒಂದು. ಅಲ್ಲಿ ಕಥೋಲಿಕರು ಶೇಕಡಾ 3ರಷ್ಟು ಮಾತ್ರ. ರಾಜಧಾನಿ ಜಕಾರ್ತಾದಲ್ಲಿ ಜಗದ್ಗುರುಗಳು ಗುಂಡು ನಿರೋಧಕ ಐಷಾರಾಮಿ ಕಾರಿನಲ್ಲಿ ಸಾಗಲಿಲ್ಲ. ನಮ್ಮ ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲೂ ಕಾಣಸಿಗುವಂಥ ಇನ್ನೋವಾದ ಮುಂದಿನ ಸೀಟಿನಲ್ಲಿ ಕುಳಿತರು. ಮೊದಲ ದಿನವೇ ಅವರು ಭೇಟಿಯಾದದ್ದು ಅನಾಥ ಮಕ್ಕಳು, ನಿರಾಶ್ರಿತರು ಮತ್ತು ರೋಗಿಗಳನ್ನು. ಅಧ್ಯಕ್ಷರ ಸರದಿ ಬಂದದ್ದು ಮರುದಿನ.

ಜಕಾರ್ತಾದ ಇಸ್ತಿಕ್ಲಾಲ್ ಮಸೀದಿ ಮತ್ತು ಸ್ವರ್ಗಾರೋಹಣ ಮಾತೆಯ ಪ್ರಧಾನಾಲಯ ಎದುರುಬದುರಾಗಿವೆ. ಆ ಬೃಹತ್ ಮಸೀದಿಯ ನಕ್ಷೆ ಬರೆದವರು ಫ್ರೆಡರಿಕ್ ಸಿಲಬಾನ್ ಎಂಬ ಕ್ರೈಸ್ತ ವಾಸ್ತುಶಿಲ್ಪಿ. ಕ್ರಿಸ್ಮಸ್ ದಿನ ಪ್ರಧಾನಾಲಯಕ್ಕೆ ಬರುವವರು ಮಸೀದಿಯ ಆವರಣದಲ್ಲಿ ವಾಹನ ನಿಲ್ಲಿಸುವುದು ಅಲ್ಲಿ ರೂಢಿಯಾಗಿದೆ. ಎರಡನ್ನೂ ಜೋಡಿಸುವ ಸುಮಾರು 28 ಮೀಟರ್ ಉದ್ದದ ನೆಲದಡಿಯ ದಾರಿಗೆ ‘ಮೈತ್ರಿಯ ಸುರಂಗ’ ಎಂದು ಹೆಸರು. ಸೆಪ್ಟೆಂಬರ್ 5ರಂದು ಜಗದ್ಗುರುಗಳು ಮತ್ತು ಮಹಾ ಇಮಾಮ್ ನಸರುದ್ದೀನ್ ಉಮರ್ ಅವರು ಸುರಂಗದ ದ್ವಾರದ ಬಳಿ ನಿಂತರು. ಬಳಿಕ ಜಂಟಿ ಘೋಷಣೆಗೆ ಸಹಿ ಹಾಕಿದರು. ಧರ್ಮದ ಹೆಸರಿನಲ್ಲಿ ನಡೆಯುವ ಹಿಂಸೆ ಮತ್ತು ಪರಿಸರ ನಾಶ ಇವೆರಡನ್ನೂ ಒಟ್ಟಾಗಿ ಎದುರಿಸೋಣ ಎಂಬುದೇ ಅದರ ಸಾರ. ಬೀಳ್ಕೊಡುವಾಗ ಇಮಾಮರು ಜಗದ್ಗುರುಗಳ ತಲೆಗೆ ಮುತ್ತಿಟ್ಟರು. ಜಗದ್ಗುರುಗಳು ಇಮಾಮರ ಕೈಗೆ ಮುತ್ತಿಟ್ಟರು.

ಇಂಡೋನೇಷ್ಯಾದಲ್ಲಿ ಎಲ್ಲವೂ ಸುಗಮವಾಗಿದೆ ಎಂದು ಇದರ ಅರ್ಥವಲ್ಲ. 2018ರಲ್ಲಿ ಸುರಬಾಯಾ ನಗರದ ಚರ್ಚುಗಳ ಮೇಲೂ 2021ರ ಗರಿಗಳ ಭಾನುವಾರದಂದು ಮಕಸ್ಸಾರ್ ಪ್ರಧಾನಾಲಯದ ಹೊರಗೂ ಆತ್ಮಾಹುತಿ ದಾಳಿಗಳು ನಡೆದವು. ಚರ್ಚ್ ಕಟ್ಟಲು ಪರವಾನಗಿ ಪಡೆಯುವುದು ಹಲವೆಡೆ ಇಂದಿಗೂ ಕಷ್ಟ. ಹಾಗಿದ್ದರೂ ಅಲ್ಲಿನ ಧರ್ಮಸಭೆ ಬಾಗಿಲು ಮುಚ್ಚಿಕೊಂಡು ಕುಳಿತಿಲ್ಲ. ನೋವುಂಡವರೇ ಸ್ನೇಹದ ಮೊದಲ ಹೆಜ್ಜೆ ಇಟ್ಟರೆ ಅದಕ್ಕೆ ತೂಕ ಹೆಚ್ಚು.

ಉಪದೇಶಿಗಳು ಕಟ್ಟಿದ ಧರ್ಮಸಭೆ

ಎರಡನೆಯ ದೇಶವಾದ ಪಪುವಾ ನ್ಯೂಗಿನಿಯಲ್ಲಿ 800ಕ್ಕೂ ಹೆಚ್ಚು ಭಾಷೆಗಳಿವೆ. ರಾಜಧಾನಿ ಪೋರ್ಟ್ ಮೋರೆಸ್ಬಿಯಲ್ಲಿ ಭಾನುವಾರದ ಬಲಿಪೂಜೆ ಮುಗಿಸಿದ ಜಗದ್ಗುರುಗಳು ಆಸ್ಟ್ರೇಲಿಯಾ ವಾಯುಪಡೆಯ ಸಾಗಣೆ ವಿಮಾನದಲ್ಲಿ ದೂರದ ವಾನಿಮೋ ಎಂಬ ಕರಾವಳಿ ಊರಿಗೆ ಹೋದರು. ಜೊತೆಗೆ ಸುಮಾರು ಒಂದು ಟನ್ ಔಷಧಿ, ಬಟ್ಟೆಬರೆ ಮತ್ತು ಮಕ್ಕಳ ಆಟಿಕೆಗಳಿದ್ದವು. ಅಲ್ಲಿ ದುಡಿಯುತ್ತಿರುವ ಅರ್ಜೆಂಟೀನಾದ ಮಿಶನರಿಗಳನ್ನು ಕಂಡು ಮಾತನಾಡಿಸಿದರು. ಕೆಲವೇ ಗಂಟೆಗಳ ಭೇಟಿಗಾಗಿ ಅಷ್ಟು ದೂರದ ಪಯಣ! ಲೆಕ್ಕಾಚಾರದ ಕಣ್ಣಿಗೆ ಇದು ನಷ್ಟವೆಂದು ಕಾಣಬಹುದು. ಆದರೆ ಮೂಲೆಯ ಊರಿನಲ್ಲಿ ವರ್ಷಗಟ್ಟಲೆ ಒಬ್ಬಂಟಿಯಾಗಿ ದುಡಿದ ಯಾವ ಧರ್ಮಗುರುವನ್ನು, ಯಾವ ಧರ್ಮಭಗಿನಿಯನ್ನು ಕೇಳಿದರೂ, ಒಬ್ಬರು ತನ್ನನ್ನು ನೋಡಲೆಂದೇ ಬಂದರೆ ಅದರ ಬೆಲೆ ಏನೆಂದು ಹೇಳಿಯಾರು.

ಈ ದೇಶದ ಇನ್ನೊಂದು ಸಾಕ್ಷ್ಯ ನಮ್ಮ ಚರ್ಚ್ ಕಾರ್ಯಕರ್ತರು ತಿಳಿದಿರಬೇಕಾದದ್ದು. ಪೀಟರ್ ತೊ ರೊಟ್ ಧರ್ಮಗುರುವಲ್ಲ. ಹೆಂಡತಿ ಮಕ್ಕಳಿದ್ದ ಒಬ್ಬ ಉಪದೇಶಿ. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಸೈನ್ಯ ವಿದೇಶಿ ಮಿಶನರಿಗಳನ್ನು ಬಂಧಿಸಿದಾಗ ಪ್ರಾರ್ಥನೆ ನಡೆಸುವ, ಮಕ್ಕಳಿಗೆ ದೀಕ್ಷಾಸ್ನಾನ ಕೊಡುವ, ರೋಗಿಗಳನ್ನು ನೋಡಿಕೊಳ್ಳುವ ಹೊಣೆ ಅವರ ಹೆಗಲಿಗೆ ಬಿತ್ತು. ಬಹುಪತ್ನಿತ್ವಕ್ಕೆ ಆಳುವವರು ಕುಮ್ಮಕ್ಕು ಕೊಟ್ಟಾಗ ವಿವಾಹ ಸಂಸ್ಕಾರದ ಪರವಾಗಿ ನಿಂತದ್ದಕ್ಕೆ 1945ರಲ್ಲಿ ಸೆರೆಮನೆಯಲ್ಲೇ ಅವರನ್ನು ಕೊಲ್ಲಲಾಯಿತು. 2025ರ ಅಕ್ಟೋಬರ್ 19ರಂದು ಪೋಪ್ 14ನೆಯ ಲಿಯೋ ಅವರು ತೊ ರೊಟ್ ಅವರಿಗೆ ಸಂತ ಪದವಿ ನೀಡಿದರು. ಹೊರಗಿನಿಂದ ಬಂದ ಮಿಶನರಿ ಒಂದು ದಿನ ಹೊರಟುಹೋಗುತ್ತಾನೆ. ಬಳಿಕ ವಿಶ್ವಾಸವನ್ನು ಉಳಿಸುವವರು ಊರಿನವರೇ.

ಬಹುಸಂಖ್ಯಾತರ ಧರ್ಮಸಭೆ

ಪೂರ್ವ ತಿಮೋರಿನ ಚಿತ್ರ ಇದಕ್ಕೆ ತದ್ವಿರುದ್ಧ. ಸುಮಾರು 13 ಲಕ್ಷ ಜನರ ಈ ಪುಟ್ಟ ದೇಶದಲ್ಲಿ ಶೇಕಡಾ 95ಕ್ಕೂ ಹೆಚ್ಚು ಮಂದಿ ಕಥೋಲಿಕರು. 2002ರಲ್ಲಿ ಸ್ವತಂತ್ರವಾದ ದೇಶವಿದು. ಆ ಹೋರಾಟದ ಕಷ್ಟಕಾಲದಲ್ಲಿ ಧರ್ಮಸಭೆ ಜನರ ಜೊತೆ ನಿಂತಿತ್ತು. ಸೆಪ್ಟೆಂಬರ್ 10ರಂದು ರಾಜಧಾನಿ ದಿಲಿಯ ಬಳಿಯ ತಾಸಿತೋಲು ಬಯಲಿನಲ್ಲಿ ನಡೆದ ಬಲಿಪೂಜೆಗೆ ಸುಮಾರು 6 ಲಕ್ಷ ಜನ ಸೇರಿದರು. ಎಂದರೆ ದೇಶದ ಅರ್ಧದಷ್ಟು ಜನ!

ಈ ದೃಶ್ಯ ನೋಡಿ ಹೆಮ್ಮೆ ಪಡುವುದು ಸಹಜ. ಆದರೆ ಪ್ರಾಮಾಣಿಕವಾಗಿ ಎರಡು ಮಾತು ಹೇಳಲೇಬೇಕು. ಈ ಭೇಟಿಗಾಗಿ ಆ ಬಡ ದೇಶದ ಸರಕಾರ ಸುಮಾರು 1 ಕೋಟಿ 20 ಲಕ್ಷ ಡಾಲರ್ ಮೀಸಲಿಟ್ಟಿದೆ, ಬಯಲಿನ ಸುತ್ತ ವಾಸವಿದ್ದ ಕುಟುಂಬಗಳನ್ನು ಎಬ್ಬಿಸಲಾಗಿದೆ ಎಂಬ ಟೀಕೆಗಳನ್ನು ಸುದ್ದಿಸಂಸ್ಥೆಗಳು ವರದಿ ಮಾಡಿದ್ದವು. ಇನ್ನೊಂದು, ಇದಕ್ಕಿಂತ ನೋವಿನದು. ಸ್ವಾತಂತ್ರ್ಯ ಹೋರಾಟದಲ್ಲಿ ಜಗತ್ತೇ ಗೌರವಿಸಿದ್ದ ಆ ದೇಶದ ಧರ್ಮಾಧ್ಯಕ್ಷರೊಬ್ಬರ ಮೇಲೆ ಮಕ್ಕಳ ಲೈಂಗಿಕ ಶೋಷಣೆಯ ಆರೋಪ ಬಂದು, 2020ರಲ್ಲಿ ತಾನು ಅವರ ಮೇಲೆ ನಿರ್ಬಂಧ ವಿಧಿಸಿದ್ದಾಗಿ ವ್ಯಾಟಿಕನ್ 2022ರಲ್ಲಿ ದೃಢಪಡಿಸಿತು. ದಿಲಿಯಲ್ಲಿ ಜಗದ್ಗುರುಗಳು ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಮಕ್ಕಳ ಘನತೆಗೆ ಧಕ್ಕೆ ತರುವ ಎಲ್ಲ ಬಗೆಯ ಶೋಷಣೆಯನ್ನು ತಡೆಯಬೇಕೆಂದು ದೇಶದ ಮುಖಂಡರ ಮುಂದೆ ಹೇಳಿದರು. ಹೆಸರೆತ್ತಿ ಕ್ಷಮೆ ಕೇಳಬೇಕಿತ್ತು ಎಂದು ಬಯಸಿದವರಿದ್ದರು; ಅವರ ಅಸಮಾಧಾನವನ್ನು ತಳ್ಳಿಹಾಕಲಾಗದು. ಮೈದಾನ ತುಂಬಿದರೆ ಧರ್ಮಸಭೆ ಆರೋಗ್ಯವಾಗಿದೆ ಎಂದು ತಿಳಿಯಬಾರದು. ನಮ್ಮ ವಾರ್ಷಿಕ ಹಬ್ಬದ ದೀಪಾಲಂಕಾರದ ಖರ್ಚನ್ನು ಲೆಕ್ಕ ಹಾಕುವಾಗಲೂ ಈ ಮಾತು ನೆನಪಿರಲಿ.

ವಿವಾದವಾದ ಒಂದು ಮಾತು

ಕೊನೆಯ ದೇಶ ಸಿಂಗಾಪುರ, ಶ್ರೀಮಂತ ನಗರ. ಸೆಪ್ಟೆಂಬರ್ 13ರಂದು ಅಲ್ಲಿನ ಕಥೋಲಿಕ ಜೂನಿಯರ್ ಕಾಲೇಜಿನಲ್ಲಿ ವಿವಿಧ ಧರ್ಮಗಳ ಯುವಕ ಯುವತಿಯರೊಂದಿಗೆ ಮಾತನಾಡುತ್ತಾ ಜಗದ್ಗುರುಗಳು ಬರೆದು ತಂದಿದ್ದ ಭಾಷಣವನ್ನು ಬದಿಗಿಟ್ಟರು. ಧರ್ಮಗಳೆಲ್ಲ ದೇವರನ್ನು ತಲುಪುವ ದಾರಿಗಳು, ಬೇರೆ ಬೇರೆ ಭಾಷೆಗಳ ಹಾಗೆ, ಎಂಬರ್ಥದ ಮಾತನ್ನಾಡಿದರು. ಕೂಡಲೇ ವಿವಾದ ಎದ್ದಿತು. ಎಲ್ಲ ಧರ್ಮಗಳೂ ಒಂದೇ ಎಂದಾದರೆ ಮಿಶನರಿಗಳು ಏಕೆ ಬೇಕು ಎಂದು ಕೆಲವರು ಕೇಳಿದರು.

ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಆ ಮಾತು ಸಿದ್ಧಾಂತ ಪ್ರಕಟಣೆಯಲ್ಲ, ಯುವಜನರ ಮುಂದೆ ಹೃದಯದಿಂದ ಬಂದದ್ದು. ಅದನ್ನು ಧರ್ಮಸಭೆಯ ಒಟ್ಟು ಬೋಧನೆಯ ಬೆಳಕಿನಲ್ಲಿ ಓದಬೇಕು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಯೇಸು ಕ್ರಿಸ್ತರೇ ಸರ್ವರ ಉದ್ಧಾರಕರು, ಅವರನ್ನು ಸಾರುವ ಹೊಣೆ ಎಂದಿಗೂ ಮುಗಿದಿಲ್ಲ ಎಂದು ಸಂತ ಎರಡನೆಯ ಜಾನ್ ಪಾಲರು 1990ರ ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದ್ದಾರೆ. ಸಂವಾದ ಮತ್ತು ಸಾರುವಿಕೆ ಒಂದಕ್ಕೊಂದು ಶತ್ರುಗಳಲ್ಲ. ಧರ್ಮಸಭೆ ಬೆಳೆಯುವುದು ಒತ್ತಾಯದ ಮತಾಂತರದಿಂದಲ್ಲ, ಆಕರ್ಷಣೆಯಿಂದ ಎಂದು 2007ರಲ್ಲಿ ಬ್ರೆಜಿಲಿನಲ್ಲಿ ಹೇಳಿದವರು ಪೋಪ್ 16ನೆಯ ಬೆನೆಡಿಕ್ಟ್. ಫ್ರಾನ್ಸಿಸರು ಅದನ್ನು ಮತ್ತೆ ಮತ್ತೆ ನೆನಪಿಸಿದರು.

ಭಾರತದಲ್ಲಿ ಇದು ಬರೀ ದೈವಶಾಸ್ತ್ರದ ಚರ್ಚೆಯಲ್ಲ. ಮಿಶನರಿ ಎಂಬ ಪದವನ್ನೇ ಇಂದು ಅನುಮಾನದಿಂದ ನೋಡಲಾಗುತ್ತಿದೆ. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ನೀಡಿದೆ. ಅದನ್ನು ಕಾನೂನಿನ ಮೂಲಕ ಕಾಪಾಡಿಕೊಳ್ಳಬೇಕು. ಆದರೆ ಅನುಮಾನವನ್ನು ಕರಗಿಸುವ ಶಕ್ತಿ ಕೋರ್ಟಿನ ತೀರ್ಪಿಗಿಲ್ಲ. ಅದು ನಮ್ಮನ್ನು ಹತ್ತಿರದಿಂದ ಬಲ್ಲ ನೆರೆಮನೆಯವರಿಂದ ಮಾತ್ರ ಸಾಧ್ಯ.

ನಮ್ಮ ಕರಾವಳಿಗೆ ಬಂದ ಮಿಶನರಿ

ಪ್ರೇಷಿತ ಪಯಣಗಳು ನಮಗೆ ಹೊಸತಲ್ಲ. 1986ರ ಫೆಬ್ರವರಿಯಲ್ಲಿ ಎರಡನೆಯ ಜಾನ್ ಪಾಲರು ಮಂಗಳೂರಿಗೆ ಬಂದದ್ದನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಅದಕ್ಕೂ 300 ವರ್ಷ ಮೊದಲು, 1681ರಲ್ಲಿ, ಗೋವಾದ ಜೋಸೆಫ್ ವಾಜ್ ಎಂಬ ತರುಣ ಧರ್ಮಗುರು ಕೆನರಾಕ್ಕೆ ಬಂದು ಒಡೆದುಹೋಗಿದ್ದ ಕ್ರೈಸ್ತ ಸಮುದಾಯವನ್ನು ಒಂದುಗೂಡಿಸಲು ದುಡಿದರು. ಮುಡಿಪು ಪುಣ್ಯಕ್ಷೇತ್ರದಲ್ಲಿ ನಾವು ಅವರನ್ನು ನೆನೆಯುತ್ತೇವೆ. 1687ರಲ್ಲಿ ಅವರು ಕೂಲಿಯಾಳಿನ ವೇಷದಲ್ಲಿ ಶ್ರೀಲಂಕಾ ಸೇರಿದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಅನುಮಾನದ ಮೇಲೆ ಸೆರೆಮನೆ ಕಂಡರು. ಆದರೆ ಸಿಡುಬಿನ ಮಾರಿ ಬಂದು ಜನ ತಮ್ಮವರನ್ನೇ ಬಿಟ್ಟು ಓಡಿದಾಗ, ಯಾವ ಧರ್ಮದವರೆಂದು ಕೇಳದೆ ರೋಗಿಗಳ ಶುಶ್ರೂಷೆ ಮಾಡಿದರು. ಅನುಮಾನಿಸಿದ್ದ ಬೌದ್ಧ ಅರಸನೇ ಅವರಿಗೆ ಆಶ್ರಯದಾತನಾದ. 2015ರ ಜನವರಿಯಲ್ಲಿ ಕೊಲಂಬೋದಲ್ಲಿ ಅವರಿಗೆ ಸಂತ ಪದವಿ ನೀಡಿದವರು ಇದೇ ಫ್ರಾನ್ಸಿಸರು.

ಇಂದು ನಮ್ಮ ಕರಾವಳಿಯಿಂದ ಧರ್ಮಗುರುಗಳೂ ಧರ್ಮಭಗಿನಿಯರೂ ಉತ್ತರ ಭಾರತಕ್ಕೆ, ಈಶಾನ್ಯ ರಾಜ್ಯಗಳಿಗೆ, ಆಫ್ರಿಕಾಕ್ಕೆ ಹೋಗಿದ್ದಾರೆ. ನಮ್ಮ ಮಕ್ಕಳು ಗಲ್ಫ್ ದೇಶಗಳಲ್ಲಿ ದುಡಿಯುತ್ತಿದ್ದಾರೆ. 1926ರಲ್ಲಿ ಪೋಪ್ 11ನೆಯ ಪಯಸ್ ಆರಂಭಿಸಿದ ಮಿಶನ್ ಭಾನುವಾರಕ್ಕೆ ನಾವು ಉದಾರವಾಗಿ ಕಾಣಿಕೆ ಕೊಡುತ್ತೇವೆ. ಇದೆಲ್ಲ ಸಂತೋಷದ ವಿಷಯ. ಆದರೆ ಮಿಶನ್ ಎಂದರೆ ಎಲ್ಲೋ ದೂರದಲ್ಲಿ, ಬೇರೆಯವರು ಮಾಡುವ ಕೆಲಸ ಎಂಬ ಭಾವನೆಯೂ ಇದರ ಜೊತೆಗೇ ಬೆಳೆದಿದೆ.

ಒಂದು ಅನುಭವ ಹಂಚಿಕೊಳ್ಳುತ್ತೇನೆ. ಒಂದು ಭಾನುವಾರ ನಾನು ಬಲಿಪೂಜೆ ಅರ್ಪಿಸಲು ಹೋಗಿದ್ದ ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಮೂವರು ಯುವಕರು ಕುಳಿತಿದ್ದರು. ಪೂಜೆ ಕೊಂಕಣಿಯಲ್ಲಿತ್ತು. ಮುಗಿದ ಮೇಲೆ ಅವರು ಅಂಜುತ್ತಾ ಸಕ್ರಿಸ್ತಿಯ ಬಾಗಿಲಿಗೆ ಬಂದು, ಹಿಂದಿಯಲ್ಲಿ ಪಾಪನಿವೇದನೆ ಮಾಡಬಹುದೇ ಎಂದು ಕೇಳಿದರು. ಜಾರ್ಖಂಡಿನ ಕಥೋಲಿಕ ಹುಡುಗರು, ಮೀನುಗಾರಿಕಾ ದೋಣಿಯಲ್ಲಿ ಕೆಲಸ. ಎಂಟು ತಿಂಗಳಿನಿಂದ ಆ ಚರ್ಚಿಗೆ ಬರುತ್ತಿದ್ದರಂತೆ. ಅಷ್ಟು ದಿನಗಳಲ್ಲಿ ಯಾರೂ ಅವರ ಹೆಸರು ಕೇಳಿರಲಿಲ್ಲ. ನನಗೂ ನಾಚಿಕೆಯಾಯಿತು, ಅವರಾಗಿ ಬಂದು ಕೇಳದಿದ್ದರೆ ನಾನೂ ಕಾರು ಹತ್ತಿ ಹೊರಟುಬಿಡುತ್ತಿದ್ದೆ. ಅವರ ಊರಿಗೆ ನಮ್ಮ ಮಿಶನರಿಗಳು ಹೋಗುತ್ತಾರೆ. ಅವರು ನಮ್ಮ ಊರಿಗೆ ಬಂದರೆ ನಾವು ಗುರುತಿಸುವುದಿಲ್ಲ.

ಈಗ ಏನು ಮಾಡಬಹುದು?

ಬಂದರಿನಲ್ಲಿ, ಕಟ್ಟಡದ ಕೆಲಸದಲ್ಲಿ, ಹೋಟೆಲುಗಳಲ್ಲಿ ದುಡಿಯುವ ಒಡಿಶಾ, ಜಾರ್ಖಂಡ್ ಮತ್ತು ಉತ್ತರ ಕರ್ನಾಟಕದ ಜನರು ನಮ್ಮ ವಾಳೆಯ ಗಡಿಯೊಳಗೇ ಇದ್ದಾರೆ. ಪ್ರತಿ ಗುರಿಕಾರರು ತಮ್ಮ ವಾಳೆಯಲ್ಲಿ ಬಾಡಿಗೆಗಿರುವ ಹೊರಗಿನವರ ಮನೆಗಳಿಗೆ, ಅವರು ಯಾವ ಧರ್ಮದವರೇ ಆಗಿರಲಿ, ವರ್ಷಕ್ಕೊಮ್ಮೆಯಾದರೂ ಭೇಟಿ ಕೊಡಬಹುದು. ಬಂದರಿಗೆ ಹತ್ತಿರವಿರುವ ಚರ್ಚುಗಳು ತಿಂಗಳಿಗೊಂದು ಹಿಂದಿ ಬಲಿಪೂಜೆ ಇಡಬಹುದು. ಮಿಶನ್ ಪ್ರದೇಶಗಳಲ್ಲಿ ದುಡಿದು ಮರಳಿರುವ ಧರ್ಮಭಗಿನಿಯರಿಗೆ ಅವರ ಭಾಷೆ ಗೊತ್ತಿದೆ. ಪಾಲನಾ ಮಂಡಳಿ ಅವರ ನೆರವು ಕೇಳಬೇಕು. ಪಕ್ಕದ ದೇವಸ್ಥಾನದ ಜಾತ್ರೆಗೆ, ಮಸೀದಿಯ ಹಬ್ಬಕ್ಕೆ ನಮ್ಮ ಚರ್ಚಿನ ಮೈದಾನದಲ್ಲಿ ವಾಹನ ನಿಲ್ಲಿಸಲು ಜಾಗ ಕೊಡಬಹುದು. ಅದಕ್ಕೆ ಸುರಂಗ ತೋಡಬೇಕಾಗಿಲ್ಲ, ಗೇಟು ತೆರೆದರೆ ಸಾಕು.

ಫ್ರಾನ್ಸಿಸರ ಬಳಿಕ ಬಂದ ಪೋಪ್ 14ನೆಯ ಲಿಯೋ ಅವರು ಪೆರು ದೇಶದಲ್ಲಿ ವರ್ಷಾನುಗಟ್ಟಲೆ ಮಿಶನರಿಯಾಗಿದ್ದವರು. 2025ರ ಡಿಸೆಂಬರಿನಲ್ಲಿ, ತಮ್ಮ ಮೊದಲ ವಿದೇಶ ಪಯಣದ ಕೊನೆಯ ದಿನ, ಅವರು ಲೆಬನಾನಿನ ಬೈರೂತ್ ಬಂದರಿನಲ್ಲಿ 2020ರ ಸ್ಫೋಟ ನಡೆದ ಸ್ಥಳಕ್ಕೆ ಹೋಗಿ ಮೌನವಾಗಿ ಪ್ರಾರ್ಥಿಸಿದರು. ಮಾತಿಗಿಂತ ಮೊದಲು ಹತ್ತಿರ ಹೋಗಿ ನಿಲ್ಲುವುದು ಎಂಬ ಪಾಠವೇ ಮುಂದುವರಿದಿದೆ.

ಪ್ರಭು ಯೇಸು ತಮ್ಮ 72 ಶಿಷ್ಯರನ್ನು ಕಳುಹಿಸಿದಾಗ ಹಣದ ಚೀಲ ಬೇಡವೆಂದರು. ಹೋದ ಮನೆಯಲ್ಲಿ ಬಡಿಸಿದ್ದನ್ನು ಉಣ್ಣಲು ಹೇಳಿದರು. ಕೊಡುವವರಾಗಿ ಮಾತ್ರವಲ್ಲ, ಪಡೆಯುವವರಾಗಿಯೂ ಹೋಗಬೇಕೆಂಬುದು ಅವರ ಇಚ್ಛೆ. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಮನೆಗೆ ಧಾವಿಸುವ ಮುನ್ನ ಒಮ್ಮೆ ಕೊನೆಯ ಬೆಂಚಿನತ್ತ ನೋಡೋಣ. ಅಲ್ಲಿ ಗುರುತಿಲ್ಲದ ಮುಖವೊಂದು ಕಂಡರೆ ಹೆಸರು ಕೇಳೋಣ. ಸಂತ ಜೋಸೆಫ್ ವಾಜರು ನಮಗಾಗಿ ಪ್ರಾರ್ಥಿಸಲಿ. ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.

- ಸಂಪಾದಕ